ಇಪ್ಪತ್ತೆರಡು ಸಾವಿರದ ಕೂಗು

ಯಾರಾದರೂ ಬೆಲೆ ಹೇಳಿದ ಕೂಡಲೇ ಸುಮ್ಮನಾಗಿಬಿಡುವುದು ನನ್ನ ಹಳೆಯ ಅಭ್ಯಾಸ. ಮೊನ್ನೆ ಗಾಂಧಿ ಬಜಾರಿನಲ್ಲಿ ಹೂವಿನಾಕೆ ಮೊಳ ಮಲ್ಲಿಗೆಗೆ ಎಂಬತ್ತು ರೂಪಾಯಿ ಎಂದಳು. ನಾನು ಬುಟ್ಟಿಯನ್ನೇ ನೋಡುತ್ತ ನಿಂತೆ. "ಸರಿ ಬಿಡಿ, ಎಪ್ಪತ್ತು ಕೊಡಿ" ಎಂದಳು. ನಾನು ಇನ್ನೂ ನಿಂತೇ ಇದ್ದೆ. "ಬೋಣಿ ಟೈಮಲ್ಲಿ ಹಿಂಗ್ ನಿಂತ್ಕೋಬೇಡಿ ಅಕ್ಕ, ಅರವತ್ತು ಮಾಡ್ಕೊಳ್ಳಿ, ಇನ್ ಒಂದ್ ಪೈಸೆ ಕಮ್ಮಿ ಆಗಲ್ಲ" ಎಂದು ಮುಖ ಗಂಟಿಕ್ಕಿದಳು. ನಿಜ ಹೇಳಬೇಕೆಂದರೆ ನಾನು ಚೌಕಾಸಿ ಮಾಡುತ್ತಿರಲಿಲ್ಲ. ಒಂದು ಮೊಳ ಸಾಕೋ, ಎರಡು ಬೇಕೋ ಎಂದು ಯೋಚಿಸುತ್ತಿದ್ದೆ ಅಷ್ಟೆ. ಎಂಬತ್ತಕ್ಕೇ ಕೊಂಡುಬಿಡುತ್ತಿದ್ದೆ. ಆಕೆಯ ಮುಖ ನೋಡಿ ನಾಚಿಕೆಯಾಗಿ, ಬೇಡದಿದ್ದರೂ ಮೂರು ಮೊಳ ಕೊಂಡು ಬಂದೆ. ನಮ್ಮ ಯಜಮಾನರು ಮಾತ್ರ ಈಗಲೂ ನೆಂಟರ ಮುಂದೆ, "ಚೌಕಾಸಿ ಮಾಡೋದ್ರಲ್ಲಿ ಇವಳನ್ನ ಮೀರಿಸೋರು ಯಾರೂ ಇಲ್ಲ" ಎಂದು ಹೊಗಳುತ್ತಾರೆ.

ಹೀಗೆ ಸುಮ್ಮನಿರುವವರನ್ನು ಕಂಡು ಎದುರಿನವರು ಏನೇನೋ ಲೆಕ್ಕ ಹಾಕುತ್ತಾರೆ. ಈಕೆಗೆ ಬೇರೆ ಕಡೆ ಕಮ್ಮಿಗೆ ಸಿಗುತ್ತದೆ, ಈಕೆಗೆ ರೇಟು ಗೊತ್ತಿದೆ, ಈಕೆ ಗಟ್ಟಿಗಿತ್ತಿ ಎಂದುಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡ ಒಬ್ಬ ಹೆಂಗಸಿನ ತಲೆಯೊಳಗೆ ಇಷ್ಟೆಲ್ಲ ಇರಬಹುದು ಎಂದು ನಂಬುವವರು ಮಾರುಕಟ್ಟೆಯಲ್ಲಿ ಮಾತ್ರ ಸಿಗುತ್ತಾರೆ. ಮನೆಯಲ್ಲಿ ನಾನು ಸುಮ್ಮನಾದರೆ ತಲೆನೋವಾ ಎಂದು ಕೇಳುತ್ತಾರೆ.

ನಾನು ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ಹೋದ ವರ್ಷ ನಿವೃತ್ತಳಾದವಳು. ಬಿ.ಕಾಂ. ಮಕ್ಕಳಿಗೆ ಬೆಲೆ ಹೇಗೆ ಹುಟ್ಟುತ್ತದೆ ಎಂದು ವಿವರಿಸುವುದು ನನ್ನ ಕೆಲಸವಾಗಿತ್ತು. ಪ್ರತಿ ವರ್ಷವೂ ಜುಲೈ ಹೊತ್ತಿಗೆ, ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡಿನಲ್ಲಿ, ನಾನು ಬೋರ್ಡಿನ ಮೇಲೆ ಒಂದೇ ಮಾತನ್ನು ಬರೆಯುತ್ತಿದ್ದೆ: ಒಂದು ವಸ್ತುವಿನ ಬೆಲೆಯಲ್ಲಿ ಆ ವಸ್ತುವಿನ ಬಗ್ಗೆ ಎಲ್ಲರಿಗೂ ಗೊತ್ತಿರುವುದೆಲ್ಲ ಸೇರಿಕೊಂಡಿರುತ್ತದೆ. ಬರೆದು ತಿರುಗಿ ನೋಡಿದರೆ ಹಿಂದಿನ ಎರಡು ಬೆಂಚು ನಿದ್ದೆಗೆ ಜಾರಿರುತ್ತಿದ್ದವು. ಎಚ್ಚರವಿದ್ದವರು ಕೇಳುತ್ತಿದ್ದ ಪ್ರಶ್ನೆಯೂ ಒಂದೇ: "ಅದೆಲ್ಲ ಸರಿ ಮೇಡಂ, ಯಾವ ಷೇರ್ ತಗೋಬೇಕು ಹೇಳಿ." ಮದುವೆಮನೆಗಳಲ್ಲೂ ನೆಂಟರು ಇದನ್ನೇ ಕೇಳುತ್ತಾರೆ. ಗೊತ್ತಿದ್ದಿದ್ದರೆ ನಾನು ಮೂರನೇ ಪಂಕ್ತಿಯ ಊಟಕ್ಕಾಗಿ ಕುರ್ಚಿಯ ಹಿಂದೆ ಕಾಯುತ್ತ ನಿಂತಿರುತ್ತಿದ್ದೆನೇ?

ಷೇರು ಎಂದಾಗಲೆಲ್ಲ ನಮ್ಮಪ್ಪ ನೆನಪಾಗುತ್ತಾರೆ. ನಾನು ಹುಟ್ಟಿ ಬೆಳೆದದ್ದು ಶ್ರೀರಾಂಪುರದಲ್ಲಿ. ಅಪ್ಪ ಹತ್ತಿರದ ಬಟ್ಟೆ ಮಿಲ್ಲೊಂದರಲ್ಲಿ ಗುಮಾಸ್ತರು. ಯಾರದೋ ಮಾತು ಕೇಳಿ ಅವರು ಒಮ್ಮೆ ಒಂದು ಕಂಪನಿಯ ಐವತ್ತು ಷೇರು ಕೊಂಡರು. ಅಂದಿನಿಂದ ಪ್ರತಿ ಬೆಳಿಗ್ಗೆ ನನ್ನ ಕಂಪಾಸ್ ಪೆಟ್ಟಿಗೆಯ ಸ್ಕೇಲು ಅವರ ಪಾಲಾಯಿತು. ಪೇಪರಿನಲ್ಲಿ ಷೇರುಗಳ ಬೆಲೆಯನ್ನು ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದರು. ತಮ್ಮ ಕಂಪನಿಯ ಸಾಲು ತಪ್ಪಿಹೋಗದಂತೆ ಅದರ ಕೆಳಗೆ ಸ್ಕೇಲಿಟ್ಟು, ಕನ್ನಡಕ ಹಣೆಗೇರಿಸಿ ನೋಡುವರು. ಬೆಲೆ ಏರಿದ್ದರೆ, "ಇನ್ನೂ ಏರತ್ತೆ, ಈಗ್ಲೇ ಯಾಕೆ ಮಾರೋದು?" ಇಳಿದಿದ್ದರೆ, "ಬಿದ್ದಾಗ ಯಾರಾದ್ರೂ ಮಾರ್ತಾರಾ?" ಹೀಗಾಗಿ ಮಾರುವ ದಿನ ಬರಲೇ ಇಲ್ಲ. ಸ್ಕೇಲಿಲ್ಲದೆ ಹೋಗಿ ನಾನು ಜಾಮೆಟ್ರಿ ಕ್ಲಾಸಿನಲ್ಲಿ ನಿಂತದ್ದೇ ಬಂತು. ಕೊನೆಗೆ ಆ ಕಂಪನಿಯೇ ಬಾಗಿಲು ಹಾಕಿತು. ಅಮ್ಮ ಒಳ್ಳೆಯ ದಪ್ಪ ಕಾಗದ ಎಂದು ಆ ಷೇರು ಪತ್ರಗಳನ್ನು ಅಡುಗೆಮನೆಯ ಗೂಡಿಗೆ ಹಾಸಿ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಳು. ಅಪ್ಪ ಮಾಡಿದ್ದಕ್ಕೆ ನನ್ನ ಪಠ್ಯಪುಸ್ತಕಗಳಲ್ಲಿ ಎರಡು ಮೂರು ದೊಡ್ಡ ಹೆಸರುಗಳಿವೆ. ಅಪ್ಪ ಅದನ್ನು "ನೋಡೋಣ" ಎನ್ನುತ್ತಿದ್ದರು.

ಅಮ್ಮನದು ಬೇರೆಯೇ ಶಾಸ್ತ್ರ. ಅವಳು ಸೊಪ್ಪು ಕೊಳ್ಳುತ್ತಿದ್ದುದು ಸಂಜೆ ಅಂಗಡಿ ಎತ್ತುವ ಹೊತ್ತಿಗೆ. ಬಾಡುವ ಸೊಪ್ಪನ್ನು ಮನೆಗೆ ಹೊತ್ತುಕೊಂಡು ಹೋಗಲು ಸೊಪ್ಪಿನವಳಿಗೆ ಇಷ್ಟವಿರುವುದಿಲ್ಲ ಎಂಬುದು ಅಮ್ಮನ ಲೆಕ್ಕ. ಬೀದಿಯಲ್ಲಿ ಒಮ್ಮೆ ಸುಮ್ಮನೆ ಹಾದುಹೋಗುವಳು, ಮತ್ತೆ ಬರುವಳು. ಮೂರನೇ ಸಲ ನಿಂತು, ಬೇಡದವಳ ಹಾಗೆ ಒಂದು ಕಂತೆ ಎತ್ತಿ ನೋಡುವಳು. ಇಬ್ಬರೂ ಒಬ್ಬರನ್ನೊಬ್ಬರು ಕಾಯಿಸುತ್ತಿದ್ದರು. ಬಹಳ ದಿನ ಅಮ್ಮನೇ ಗೆದ್ದಳು. ಒಂದು ದಿನ ಮಾತ್ರ ಅಮ್ಮ ನಾಕಾಣೆಗೆ ಹಟ ಹಿಡಿದಾಗ ಸೊಪ್ಪಿನವಳು ಒಂದು ಮಾತೂ ಆಡದೆ ಎದ್ದು, ಉಳಿದ ಸೊಪ್ಪನ್ನಷ್ಟೂ ಎದುರಿಗೆ ನಿಂತಿದ್ದ ಹಸುವಿನ ಮುಂದೆ ಹಾಕಿಬಿಟ್ಟಳು. ಅವತ್ತು ನಮ್ಮ ಮನೆಯಲ್ಲಿ ಬರೀ ತಿಳಿಸಾರು. ಹಸು ಎಂಟಾಣೆಯ ದಂಟು ತಿಂದ ಬಗ್ಗೆ ಅಮ್ಮ ವಾರಗಟ್ಟಲೆ ಮರುಗಿದಳು.

ಹೀಗೆ ಬೆಳೆದು, ಓದಿ, ಓದಿಸಿ ಬಂದ ನಾನು ಕಣ್ಣೆತ್ತಿ ನೋಡದೇ ಹೋದ ಮಾರುಕಟ್ಟೆಯೊಂದು ನಮ್ಮ ಮನೆಯ ಹಜಾರದಲ್ಲೇ ಇತ್ತು. ಮದುವೆಯಾಗಿ ನಾನು ಬಂದದ್ದು ಚಾಮರಾಜಪೇಟೆಗೆ. ಕಾಟನ್‌ಪೇಟೆಯಲ್ಲಿ ಮಾವನವರದು ಹಗ್ಗ, ಗೋಣಿಚೀಲದ ಸಗಟು ಅಂಗಡಿ. ಈಗ ಅದನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ಅತ್ತೆ ನಂಜಮ್ಮನವರು ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಧರಿಸಿ ಹೊರಗೆ ಬಂದರೆಂದರೆ ಇಡೀ ಓಣಿಗೆ ಯಜಮಾನಿ. ಎಂಬತ್ತು ದಾಟಿದ ಅವರು ನಲವತ್ತು ವರ್ಷಗಳಿಂದ ಹೆಂಗಸರ ಚೀಟಿ ನಡೆಸಿಕೊಂಡು ಬಂದಿದ್ದಾರೆ. ತಿಂಗಳ ಮೊದಲ ಭಾನುವಾರ, ಸಂಜೆ ನಾಲ್ಕಕ್ಕೆ ಸರಿಯಾಗಿ.

ಚೀಟಿಯ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಇಪ್ಪತ್ತು ಹೆಂಗಸರು, ತಿಂಗಳಿಗೆ ತಲಾ ಐದು ಸಾವಿರ, ಒಟ್ಟು ಒಂದು ಲಕ್ಷ. ಪ್ರತಿ ತಿಂಗಳೂ ಆ ಲಕ್ಷ ಒಬ್ಬಳಿಗೆ ಸಿಗುತ್ತದೆ. ಯಾರಿಗೆ? ಅದರಲ್ಲಿ ಹೆಚ್ಚು ಬಿಟ್ಟುಕೊಡಲು ಒಪ್ಪಿದವಳಿಗೆ. "ಏಳು ಸಾವಿರ ಬಿಡ್ತೀನಿ" ಎಂದು ಒಬ್ಬಳು, "ಎಂಟು" ಎಂದು ಇನ್ನೊಬ್ಬಳು ಕೂಗುತ್ತಾರೆ. ಹಾಗೆ ಬಿಟ್ಟ ಹಣ ಇಪ್ಪತ್ತು ಜನರಿಗೂ ಸಮನಾಗಿ ಹಂಚಿಕೆಯಾಗಿ, ಆ ತಿಂಗಳ ಕಂತಿನಲ್ಲಿ ಅಷ್ಟು ಕಡಿಮೆಯಾಗುತ್ತದೆ. ಐದು ಸಾವಿರಕ್ಕಿಂತ ಕಡಿಮೆ ಬಿಡುವಂತಿಲ್ಲ. ಒಮ್ಮೆ ಎತ್ತಿದವಳು ಮತ್ತೆ ಕೂಗುವಂತಿಲ್ಲ, ಕಂತನ್ನು ಮಾತ್ರ ಕೊನೆಯವರೆಗೂ ಕಟ್ಟಬೇಕು. ಅವಸರವಿದ್ದವಳು ಬೇಗ ಎತ್ತಿ ಕಳೆದುಕೊಳ್ಳುತ್ತಾಳೆ, ತಾಳ್ಮೆಯಿದ್ದವಳು ಕಾದು ಗಳಿಸುತ್ತಾಳೆ. ಹಣಕ್ಕೂ ಕಾಲಕ್ಕೂ ಇರುವ ಸಂಬಂಧವನ್ನು ನಾನು ಬೋರ್ಡಿನ ಮೇಲೆ ಗೆರೆ ಎಳೆದು ಎಳೆದು ಸವೆದುಹೋಗಿದ್ದರೆ, ಕೆಳಗೆ ಹಜಾರದಲ್ಲಿ ಅದು ಅವಲಕ್ಕಿ ಒಗ್ಗರಣೆಯ ಜೊತೆ ನಡೆಯುತ್ತಿತ್ತು. ನಾನು ಮಹಡಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ, ಗಲಾಟೆ ಎಂದು ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಅರ್ಥಶಾಸ್ತ್ರದವಳಿಗೆ ಇಂಥ ಸಣ್ಣ ವ್ಯವಹಾರ ಘನತೆಗೆ ಕಡಿಮೆ ಎಂಬ ಭಾವನೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ನಿವೃತ್ತಳಾದ ಮೇಲೆ, "ಸುಮ್ನೆ ಕೂತಿರೋ ಬದ್ಲು ನೀನೂ ಒಂದು ಚೀಟಿ ಹಾಕೇ ಶೈಲಾ" ಎಂದು ಅತ್ತೆ ನನ್ನನ್ನೂ ಸೇರಿಸಿಕೊಂಡರು. ಆರು ತಿಂಗಳು ನಾನು ಕಂತು ಕಟ್ಟಿದೆನೇ ಹೊರತು ಹಜಾರಕ್ಕೆ ಇಳಿಯಲಿಲ್ಲ. ಏಳನೇ ತಿಂಗಳಿಗೆ ಸರಿಯಾಗಿ ಅತ್ತೆಗೆ ಮಂಡಿ ಆಪರೇಷನ್ ಆಯಿತು. ಒಳಕೋಣೆಯಲ್ಲಿ ಮಲಗಿದ್ದ ಅವರು, "ಈ ಸಲ ನೀನು ಕೂತ್ಕೊಂಡು ಬರ್ಕೋ. ಅವ್ರಿಗೆಲ್ಲ ಗೊತ್ತು, ನೀನೇನೂ ಹೇಳ್ಬೇಕಾಗಿಲ್ಲ" ಎಂದರು. ಆ ಕೊನೆಯ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಸುಮ್ಮನೆ ಕೂತು ಬರೆದುಕೊಳ್ಳುವುದು ನನ್ನಂಥವಳಿಗೆ ಸಾಧ್ಯವೇ? ಮೂರು ದಿನ ಕಂಪ್ಯೂಟರಿನ ಮುಂದೆ ಕೂತು ಕೋಷ್ಟಕ ಹಾಕಿದೆ. ಈ ತಿಂಗಳು ಚೀಟಿ ಎತ್ತಿ, ಹಣವನ್ನು ಮ್ಯೂಚುಯಲ್ ಫಂಡಿಗೆ ಹಾಕಿ, ಅದು ಹಿಂದಿನ ಕೆಲವು ವರ್ಷ ಬೆಳೆದ ಹಾಗೇ ಮುಂದೆಯೂ ಬೆಳೆದರೆ, ಹದಿನಾಲ್ಕು ಸಾವಿರದವರೆಗೆ ಬಿಟ್ಟರೂ ನನಗೆ ಲಾಭ ಎಂದು ಬಂತು. ಹಿಂದೆ ಆದದ್ದು ಮುಂದೆಯೂ ಆಗುತ್ತದೆಂದು ನಂಬಬೇಡಿ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದವಳೂ ನಾನೇ. ನನಗೆ ಹಣದ ಅಗತ್ಯವೇನೂ ಇರಲಿಲ್ಲ. ಈ ಹೆಂಗಸರು ಬೆಲೆಯನ್ನು ಸರಿಯಾಗಿ ಕಟ್ಟುತ್ತಿಲ್ಲ, ನಾನು ಕಟ್ಟಿ ತೋರಿಸುತ್ತೇನೆ ಎಂಬ ಹುಮ್ಮಸ್ಸು ಅಷ್ಟೆ.

ಆ ಭಾನುವಾರ ಎಲ್ಲರಿಗಿಂತ ಮೊದಲು, ಮೂರೂವರೆಗೇ ಬಂದವಳು ಸರೋಜ. ಓಕಳಿಪುರಂನಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ನಲವತ್ತೈದರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ನನಗೂ ಎರಡು ರವಿಕೆ ಹೊಲಿದುಕೊಟ್ಟಿದ್ದಳು. ಬಂದವಳೇ ನೇರ ಅಡುಗೆಮನೆಗೆ ನಡೆದು, "ಮೇಡಂ, ಇವತ್ತು ಕಾಫಿ ನಾನ್ ಮಾಡ್ತೀನಿ" ಎಂದಳು.

"ಅಯ್ಯೋ ನಿಮಗ್ಯಾಕೆ ಸರೋಜಾ, ಕೆಲಸದವಳು ಮಾಡ್ತಾಳೆ."

"ಇಲ್ಲ ಮೇಡಂ, ನಾನೇ ಮಾಡ್ತೀನಿ" ಎಂದಳು. ನೋವಿನ ಮಾತ್ರೆ ನುಂಗಿ ಅತ್ತೆ ನಿದ್ದೆ ಮಾಡುತ್ತಿದ್ದರು. ಮನೆಯಲ್ಲಿ ಕಾಯಿಲೆಯವರಿದ್ದಾರೆಂದು ಸಹಾಯ ಮಾಡುತ್ತಿದ್ದಾಳೆ, ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡೆ.

ನಾಲ್ಕಕ್ಕೆ ಹಜಾರ ತುಂಬಿತು. ಸರೋಜ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಲೋಟ ಕೊಡುತ್ತ ಬಂದಳು. ಪ್ರತಿಯೊಬ್ಬರೂ ಲೋಟ ತೆಗೆದುಕೊಂಡು, ಅವಳ ಮುಖ ನೋಡಿ, ಒಂದು ಗಳಿಗೆ ತಡೆದು ತಲೆಯಾಡಿಸಿದರು. ನಾನು ಒಂದು ಗುಟುಕು ಕುಡಿದು, "ಏನ್ ಚೆನ್ನಾಗಿದೆ ಸರೋಜಾ ಡಿಕಾಕ್ಷನ್ನು" ಎಂದೆ. ಅವಳು ನಕ್ಕಳು. ಸಮಾಧಾನವಾದವರ ನಗು ಅದು. ಯಾಕೆ ಸಮಾಧಾನ ಎಂದು ನನಗೆ ಆಗ ಗೊತ್ತಾಗಲಿಲ್ಲ.

ಕೂಗು ಎಣಿಸುವುದು ಪುಟ್ಟತಾಯಮ್ಮನವರ ಕೆಲಸ. ಅತ್ತೆಯ ಗೆಳತಿ, ಚೀಟಿಯಲ್ಲಿ ಅತ್ತೆಯಷ್ಟೇ ಹಳಬರು. "ಹೂಂ, ಶುರು ಮಾಡಿ" ಎಂದರು.

"ಐದು" ಎಂದಳು ಸರೋಜ.

ಯಾರೂ ಮಾತಾಡಲಿಲ್ಲ. ಇಷ್ಟು ಅಗ್ಗಕ್ಕೆ ಬಿಟ್ಟುಬಿಡುತ್ತಾರಲ್ಲ ಎಂದು ನನಗೆ ಆಶ್ಚರ್ಯ. "ಆರು" ಎಂದೆ.

ಹಜಾರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮೇಡಂ ವ್ಯವಹಾರಕ್ಕೆ ಇಳಿದರಲ್ಲ ಎಂದು ಬೆರಗಾಗಿದ್ದಾರೆ ಎಂದುಕೊಂಡು ನಾನು ನೆಟ್ಟಗೆ ಕೂತೆ. ಸರೋಜ ಸ್ವಲ್ಪ ತಡೆದು "ಎಂಟು" ಎಂದಳು. ನಾನು ಒಂಬತ್ತು ಎಂದೆ. ಅವಳು ಹನ್ನೆರಡು, ನಾನು ಹದಿಮೂರು.

"ಹದಿನೈದು" ಎಂದಳು ಸರೋಜ.

ನನ್ನ ಕೋಷ್ಟಕದ ಪ್ರಕಾರ ಅಲ್ಲಿಗೆ ನಾನು ನಿಲ್ಲಿಸಬೇಕಿತ್ತು. ಆದರೆ ಮನಸ್ಸು ಬೇರೆ ದಾರಿ ಹಿಡಿಯಿತು. ವರ್ಷಗಟ್ಟಲೆ ಚೀಟಿ ಹಾಕಿದ ಹೆಂಗಸು, ಒಂದೊಂದು ರೂಪಾಯಿಯ ಬೆಲೆ ತಿಳಿದವಳು, ಹದಿನೈದಕ್ಕೆ ಹೋಗುತ್ತಿದ್ದಾಳೆ ಎಂದರೆ ಅವಳಿಗೆ ಏನೋ ಗೊತ್ತಿರಬೇಕು. ನನ್ನ ಲೆಕ್ಕದಲ್ಲೇ ಎಲ್ಲೋ ಕಡಿಮೆ ಹಿಡಿದಿದ್ದೇನೆ. ಷೇರು ಪೇಟೆಯಲ್ಲಿ ಜನ ಹೀಗೆಯೇ ಕೆಡುತ್ತಾರೆ ಎಂದು ನಾನು ನೂರು ಸಲ ಪಾಠ ಹೇಳಿದ್ದೆ. ಪಕ್ಕದವನು ಕೊಳ್ಳುತ್ತಿದ್ದಾನೆ, ಆದ್ದರಿಂದ ಅದು ಬೆಲೆಬಾಳುತ್ತದೆ, ಆದ್ದರಿಂದ ನಾನೂ ಕೊಳ್ಳುತ್ತೇನೆ. ಪಾಠ ಹೇಳುವಾಗ ಆ ಪಕ್ಕದವನು ಮೂರ್ಖನಾಗಿ ಕಾಣುತ್ತಾನೆ. ಹಜಾರದಲ್ಲಿ ಕೂತಾಗ ನನಗೇ ಅದು ಬುದ್ಧಿವಂತಿಕೆಯಾಗಿ ಕಂಡಿತು. "ಹದಿನಾರು" ಎಂದೆ.

ಆಗ ಪುಟ್ಟತಾಯಮ್ಮನವರು ಎಣಿಕೆ ನಿಲ್ಲಿಸಿ, "ಶೈಲಾ, ಕಾಫಿ ಕುಡಿದ್ಯೇನಮ್ಮಾ?" ಎಂದು ಕೇಳಿದರು.

"ಕುಡಿದೆ ಪುಟ್ಟತಾಯಮ್ಮನೋರೆ, ತುಂಬ ಚೆನ್ನಾಗಿತ್ತು" ಎಂದೆ ನಾನು.

ಅವರು ಕಣ್ಣು ಮುಚ್ಚಿಕೊಂಡರು. ವಯಸ್ಸಾದವರು, ಸೆಕೆಗೆ ಸುಸ್ತಾಗಿರಬೇಕು ಎಂದುಕೊಂಡೆ. ಸರೋಜ ಹದಿನೆಂಟು ಎಂದಳು, ನಾನು ಹತ್ತೊಂಬತ್ತು. ಅವಳು ಇಪ್ಪತ್ತು, ನಾನು ಇಪ್ಪತ್ತೊಂದು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವಳು "ಇಪ್ಪತ್ತೆರಡು" ಎಂದಾಗ ನನಗೇ ಭಯವಾಗಿ ನಿಲ್ಲಿಸಿದೆ. ಎಣಿಕೆ ಮುಗಿಯಿತು. ಸರೋಜಳಿಗೆ ಎಪ್ಪತ್ತೆಂಟು ಸಾವಿರ. ಎಲ್ಲರಿಗೂ ಆ ತಿಂಗಳ ಕಂತಿನಲ್ಲಿ ಸಾವಿರದ ನೂರು ರೂಪಾಯಿ ಕಡಿತ. ಇಷ್ಟು ದೊಡ್ಡ ಕಡಿತ ಬಂದರೂ ಯಾರ ಮುಖದಲ್ಲೂ ಖುಷಿಯಿಲ್ಲ. ಅವಲಕ್ಕಿ ಹಾಗೇ ಉಳಿಯಿತು. ಸರೋಜ ಹಣವನ್ನು ಬ್ಯಾಗಿಗೆ ಹಾಕಿಕೊಂಡು, ಲೋಟಗಳನ್ನೆಲ್ಲ ತೊಳೆದಿಟ್ಟು, ಬರ್ತೀನಿ ಮೇಡಂ ಎಂದು ಹೊರಟಳು.

ಅತ್ತೆ ಎದ್ದ ಮೇಲೆ ನಾನು ವಿಜಯೋತ್ಸಾಹದಿಂದ ವರದಿ ಒಪ್ಪಿಸಿದೆ. ನಾನು ಕೂಗಿದ್ದರಿಂದ ಎಲ್ಲರಿಗೂ ಎಷ್ಟು ಲಾಭವಾಯಿತು ಎಂಬುದನ್ನೂ ಸೇರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕಾಫಿ ಯಾರು ಮಾಡಿದ್ದು?"

"ಸರೋಜ."

ಅತ್ತೆ, "ಅವಳ ಕೈ ಕಾಫಿ ಕುಡಿದು ಅವಳ ಮೇಲೇ ಕೂಗಿದ್ಯೇನೆ?" ಎಂದರು.

ವಿಷಯ ತಿಳಿದದ್ದು ಆಗ. ಚೀಟಿ ಶುರುವಾದ ಹೊಸತರಲ್ಲಿ ಒಬ್ಬ ಹೆಂಗಸಿನ ಗಂಡ ಆಸ್ಪತ್ರೆಯಲ್ಲಿದ್ದನಂತೆ. ಎಲ್ಲರ ಮುಂದೆ ಕಷ್ಟ ಹೇಳಿಕೊಳ್ಳಲಾರದೆ ಬೇಗ ಬಂದು ಅಡುಗೆಮನೆಯಲ್ಲಿ ಅಳುತ್ತ ಕೂತಿದ್ದಳಂತೆ. ಸುಮ್ಮನೆ ಕೂತರೆ ಅಳು ಹೆಚ್ಚಾಗುತ್ತದೆಂದು ಅತ್ತೆ ಅವಳ ಕೈಗೆ ಕಾಫಿಯ ಕೆಲಸ ಕೊಟ್ಟರು. ಅವಳೇ ಎಲ್ಲರಿಗೂ ಲೋಟ ಹಿಡಿದಳು. ಕೆಂಪಾದ ಕಣ್ಣು ನೋಡಿ ಯಾರೂ ಅವತ್ತು ಅವಳ ಎದುರು ಕೂಗಲಿಲ್ಲ. ಅಲ್ಲಿಂದ ಅದು ಪದ್ಧತಿಯಾಗಿ ನಿಂತಿತು. ತೀರಾ ಕಷ್ಟದಲ್ಲಿರುವವಳು ಬೇಗ ಬಂದು ಕಾಫಿ ಮಾಡುತ್ತಾಳೆ. ಲೋಟ ತೆಗೆದುಕೊಂಡವರು ಅವತ್ತು ಬಾಯಿ ತೆರೆಯುವುದಿಲ್ಲ. ಅವಳು ಐದು ಸಾವಿರ ಮಾತ್ರ ಬಿಟ್ಟು ತೊಂಬತ್ತೈದು ತೆಗೆದುಕೊಂಡು ಹೋಗುತ್ತಾಳೆ. ಏನು ಕಷ್ಟ ಎಂದು ಯಾರೂ ಕೇಳುವುದಿಲ್ಲ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಯಾರೂ ಸುಳ್ಳು ಕಾಫಿ ಮಾಡಿದ್ದಿಲ್ಲವಂತೆ.

"ನನಗೆ ಮೊದಲೇ ಹೇಳಬಾರದಿತ್ತಾ ಅತ್ತೆ?" ಎಂದೆ. ನನಗೆ ಅಳು ಬರುವಂತಾಗಿತ್ತು.

"ಮೂವತ್ತು ವರ್ಷದಿಂದ ಇದೇ ಮನೇಲಿದೀಯ. ಗೊತ್ತಿಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದರು ಅತ್ತೆ.

ಆ ಹಜಾರದಲ್ಲಿ ಬೆಲೆಗೆ ಸಂಬಂಧಪಟ್ಟದ್ದೆಲ್ಲ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಬೆಲೆ ಕಟ್ಟಿದವಳು ಮಾತ್ರ ನಾನು.

ಪುಟ್ಟತಾಯಮ್ಮನವರಿಗೆ ಫೋನ್ ಮಾಡಿ ಕೇಳಿದೆ. ಸರೋಜಳ ಅಂಗಡಿಯ ಮಾಲೀಕ ಇನ್ನೂ ಒಂದು ಲಕ್ಷ ಅಡ್ವಾನ್ಸ್ ಕೇಳಿದ್ದಾನೆ, ಸೋಮವಾರದೊಳಗೆ ಕೊಡದಿದ್ದರೆ ಅಂಗಡಿಯನ್ನು ಪಕ್ಕದ ಮೊಬೈಲಿನವನಿಗೆ ಕೊಡುತ್ತಾನೆ, ಅವಳ ಕೈಯಲ್ಲಿ ಇದ್ದದ್ದು ಐದು ಸಾವಿರ. ತೊಂಬತ್ತೈದು ಬಂದಿದ್ದರೆ ಸರಿಯಾಗಿ ಲಕ್ಷವಾಗುತ್ತಿತ್ತು. ಈಗ ಹದಿನೇಳು ಸಾವಿರ ಕಡಿಮೆ. ಆ ಅಂಗಡಿಯೇ ಅವಳ ಮನೆಯ ಅನ್ನ.

ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವುದನ್ನೇ ಕಾದು, ಹದಿನೇಳು ಸಾವಿರ ತೆಗೆದುಕೊಂಡು ಆಟೋ ಹತ್ತಿದೆ. ಓಕಳಿಪುರಂನಲ್ಲಿ ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ಅಂಗಡಿ. ಬಾಗಿಲು ತೆರೆದಿತ್ತು. ಸರೋಜ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಇರುತ್ತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

"ಬೆಳಿಗ್ಗೆ ಎಂಟಕ್ಕೇ ಬಂದು ತಗೊಂಡ್ ಹೋದ್ರು ಮೇಡಂ. ಹದಿನೇಳು ಸಾವಿರಕ್ಕೇ ಮಾರ್ಬಿಟ್ಟೆ" ಎಂದಳು. "ಅಡ್ವಾನ್ಸ್ ಕೊಟ್ಟಾಯ್ತು. ಅಂಗಡಿ ಉಳೀತು ಬಿಡಿ."

ನಾನು ಕವರು ಮುಂದೆ ಹಿಡಿದು, ನನಗೆ ಪದ್ಧತಿ ಗೊತ್ತಿರಲಿಲ್ಲ, ದೊಡ್ಡ ತಪ್ಪಾಯಿತು, ಇದನ್ನು ತೆಗೆದುಕೊಳ್ಳಿ ಎಂದು ಹೇಗೆ ಹೇಗೋ ಹೇಳಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಕೂಗಿದ್ದು ನಾನೇ ಅಲ್ವಾ ಮೇಡಂ. ಕೂಗಿದ್ ಮೇಲೆ ವಾಪಸ್ ಈಸ್ಕೊಳ್ಳೋದು ಚೀಟೀಲಿ ಇಲ್ಲ." ಆಮೇಲೆ ತಲೆ ತಗ್ಗಿಸಿ, "ನಾನೇ ನಿಮ್ಗೆ ಹೇಳ್ಬೇಕು ಅಂತಿದ್ದೆ. ಕಾಫಿ ಕುಡಿದೂ ಕೂಗ್ತಿದಾರೆ ಅಂದ್ರೆ ನನಗಿಂತ ಕಷ್ಟ ಇರ್ಬೇಕು ಅಂದ್ಕೊಂಡೆ. ಅತ್ತೆಯೋರ ಆಪರೇಷನ್ ಬೇರೆ ಆಗಿತ್ತಲ್ಲ. ಹದಿನೆಂಟರಲ್ಲಿ ಬಿಟ್ಬಿಡೋಣ ಅನ್ನಿಸ್ತು. ಆದ್ರೆ ಅಂಗಡಿ ಹೋಗತ್ತಲ್ಲ ಮೇಡಂ, ಬಿಡಕ್ಕಾಗ್ಲಿಲ್ಲ. ಬೇಜಾರ್ ಮಾಡ್ಕೋಬೇಡಿ" ಎಂದಳು.

ಅವಳಿಗೆ ಏನೋ ಗೊತ್ತಿದೆ ಎಂದು ನಾನು ಕೂಗಿದ್ದೆ. ನನಗೆ ಏನೋ ಕಷ್ಟವಿದೆ ಎಂದು ಅವಳು ಮರುಗುತ್ತ ಕೂಗಿದ್ದಳು. ಕವರನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡು ಬಂದೆ. ಆಟೋದಲ್ಲಿ ಕೂತಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಂದಿನಿಂದ ಅವಳು ಹೊಲಿದ ಬಟ್ಟೆಯ ಅಂಚು ಹಾಕಿಸಲು ಶ್ರೀರಾಂಪುರದ ಇನ್ನೊಂದು ಅಂಗಡಿಗೆ ಹೊತ್ತುಕೊಂಡು ಹೋಗಬೇಕಾಯಿತು. ಒಂದೊಂದು ಬಟ್ಟೆಗೂ ಅಲ್ಲಿ ದುಡ್ಡು ಕೊಡಬೇಕು. ನಾನು ಅತ್ತೆಯ ಮೂಲಕ ಹೇಳಿಸಿದೆ, ಪುಟ್ಟತಾಯಮ್ಮನವರ ಮೂಲಕವೂ ಹೇಳಿಸಿದೆ. ಅವಳದು ಒಂದೇ ಉತ್ತರ, ಕೂಗಿದ್ದು ನಾನೇ ಎಂದು. ಆ ಒಂದು ತಿಂಗಳು ನನಗೆ ಫಂಡಿನ ಏರಿಳಿತ ನೋಡುವ ಮನಸ್ಸೂ ಇರಲಿಲ್ಲ.

ಎಂಟನೇ ತಿಂಗಳ ಭಾನುವಾರ ಬಂತು. ಈ ಸಲ ಯಾರಿಗಾದರೂ ಅವಸರವಿದೆಯೇ ಎಂದು ಪುಟ್ಟತಾಯಮ್ಮನವರನ್ನು ಮೊದಲೇ ವಿಚಾರಿಸಿಕೊಂಡಿದ್ದೆ. ಇಪ್ಪತ್ತು ಮನೆಯ ಸುದ್ದಿಯೂ ಗೊತ್ತಿರುವ ಅವರು ಇಲ್ಲ ಎಂದಿದ್ದರು. ಮೂರೂವರೆಗೆ ನಾನೇ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ವಾಕರ್ ಹಿಡಿದು ಬಾಗಿಲಿಗೆ ಬಂದ ಅತ್ತೆ ನನ್ನನ್ನೂ ಪಾತ್ರೆಯನ್ನೂ ನೋಡಿ, ಹೋಗಿ ಹಜಾರದಲ್ಲಿ ಕೂತರು.

ನನಗೆ ಇಪ್ಪತ್ತು ಲೋಟ ಕಾಫಿ ಮಾಡಿ ಅಭ್ಯಾಸವಿಲ್ಲ. ಡಿಕಾಕ್ಷನ್ ಸಾಲದೆ ಬಿಸಿನೀರು ಬೆರೆಸಿದೆ. ತಟ್ಟೆ ಹಿಡಿದು ಹೊರಗೆ ಬಂದೆ. ಒಬ್ಬೊಬ್ಬರೂ ಲೋಟ ತೆಗೆದುಕೊಂಡು ನನ್ನ ಮುಖ ನೋಡಿದರು. ಅಷ್ಟು ಕೆಟ್ಟ ಕಾಫಿಯನ್ನು ಒಬ್ಬರೂ ಅರ್ಧಕ್ಕೆ ಬಿಡಲಿಲ್ಲ. ಸರೋಜಳೂ ಪೂರ್ತಿ ಕುಡಿದಳು. "ಐದು" ಎಂದೆ. ಪುಟ್ಟತಾಯಮ್ಮನವರು ಮೂರು ಸಲ ಎಣಿಸಿದರು. ಎಲ್ಲರ ಬಾಯಿಯೂ ಮುಚ್ಚಿಯೇ ಇತ್ತು. ಹತ್ತು ನಿಮಿಷದಲ್ಲಿ ತೊಂಬತ್ತೈದು ಸಾವಿರ ನನ್ನ ಕೈಗೆ ಬಂತು. ಹೋಗುವಾಗ ಒಬ್ಬರು ನನ್ನ ಭುಜ ಮುಟ್ಟಿ ಹೋದರು, ಇನ್ನೊಬ್ಬರು ತಮ್ಮ ಮನೆಯಿಂದ ತಂದಿದ್ದ ಬಾಳೆಹಣ್ಣು ಕೊಟ್ಟು ಹೋದರು. ಏನಾಯಿತೆಂದು ಯಾರೂ ಕೇಳಲಿಲ್ಲ.

ಸರೋಜ ಮಾತ್ರ ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಬಂದಳು. "ಕೇಳ್ಬಾರ್ದು ಮೇಡಂ, ಆದ್ರೂ ಕೇಳ್ತೀನಿ. ಸಾಕಾಗತ್ತಾ? ಎಷ್ಟು ಕಮ್ಮಿ ಬೀಳತ್ತೆ? ನನ್ ಹತ್ರ ಎರಡು ಸಾವಿರ ಇದೆ."

"ಕಮ್ಮಿ ಏನಿಲ್ಲ ಸರೋಜಾ" ಎಂದೆ. "ನಿಮ್ಮ ಹದಿನೇಳು ಸಾವಿರ ನಿಮಗೆ ಸೇರ್ಬೇಕು. ನನಗಿರೋ ಕಷ್ಟ ಅದೊಂದೇ. ಅದಕ್ಕೇ ಕಾಫಿ ಮಾಡ್ದೆ."

ಅವಳು ಕೈಯಲ್ಲಿದ್ದ ತನ್ನ ಲೋಟವನ್ನು ನೋಡಿದಳು. ತಳದಲ್ಲಿ ಒಂದು ತೊಟ್ಟೂ ಉಳಿದಿರಲಿಲ್ಲ. "ಕುಡಿದ್ಬಿಟ್ಟೆನಲ್ಲ ಮೇಡಂ, ಇನ್ ಬೇಡ ಅನ್ನೋ ಹಾಗಿಲ್ಲ" ಎಂದಳು. ಮುಖದಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು. ಲೋಟ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, ನಾನು ಕೊಟ್ಟ ಹಣವನ್ನು ಎರಡು ಸಲ ಎಣಿಸಿ ಬ್ಯಾಗಿನೊಳಗಿಟ್ಟಳು. ಮುಗಿಯಿತು ಎಂದುಕೊಂಡೆ. ಅವಳು ಪರ್ಸ್ ತೆಗೆದು ಐನೂರರ ಒಂದು, ನೂರರ ಮೂರು, ಐವತ್ತರ ಒಂದು ನೋಟನ್ನು ಕಟ್ಟೆಯ ಮೇಲೆ ಜೋಡಿಸಿದಳು.

"ಇದೇನು?"

"ಐದಕ್ಕೇ ನಿಂತಿದ್ರೆ ಅವತ್ತು ನನ್ ಕಂತಲ್ಲಿ ಇನ್ನೂರೈವತ್ತು ಮಾತ್ರ ಕಮ್ಮಿ ಆಗೋದು. ನೀವು ಕೂಗಿದ್ದಕ್ಕೆ ಸಾವಿರದ ನೂರು ಕಮ್ಮಿ ಆಯ್ತಲ್ಲ. ಎಂಟುನೂರೈವತ್ತು ನಂಗೂ ಬಂದಿದೆ ಮೇಡಂ. ನಾನು ಕಳ್ಕೊಂಡಿದ್ದು ಹದಿನೇಳಲ್ಲ, ಹದಿನಾರು ಸಾವಿರದ ನೂರೈವತ್ತು. ಮಿಕ್ಕಿದ್ದು ನಿಮ್ದು."

ಒಂದು ತಿಂಗಳು ಹಗಲೂ ರಾತ್ರಿ ಆ ಹದಿನೇಳು ಸಾವಿರವನ್ನೇ ಧ್ಯಾನಿಸಿದ್ದ ನನಗೆ ಈ ಲೆಕ್ಕ ಹೊಳೆದೇ ಇರಲಿಲ್ಲ. ಬೇಡ ಎನ್ನಲು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ. ಆಮೇಲೆ ಕೈಯೊಡ್ಡಿ ಆ ಎಂಟುನೂರೈವತ್ತು ರೂಪಾಯಿಯನ್ನು ತೆಗೆದುಕೊಂಡೆ.